ಎರಡು ಬಾಗಿಲಿನ ಲಿಫ್ಟ್

ಆರನೇ ಮಹಡಿಯಿಂದ ಬೀದಿಗೆ ನೂರ ಹದಿನಾಲ್ಕು ಮೆಟ್ಟಿಲು. ಉಡಕ್ಕ ಅವನ್ನು ದಿನಕ್ಕೆ ಎರಡು ಸಲವಾದರೂ ಹತ್ತಿ ಇಳಿಯುತ್ತಿದ್ದಳು. ಅವಳ ಅತ್ತೆ ನಾಲ್ಕು ವರ್ಷದಿಂದ ಒಂದು ಸಲವೂ ಇಳಿದಿರಲಿಲ್ಲ. ಅವರ ಮಂಡಿಗಳು ಕೈಕೊಟ್ಟಿದ್ದವು, ಲಿಫ್ಟು ಅದಕ್ಕೂ ಮೊದಲೇ ಕೈಕೊಟ್ಟಿತ್ತು. ಲಿಫ್ಟ್ ರಿಪೇರಿ ಮಾಡುವವನ ಮನೆಗೇ ಲಿಫ್ಟಿಲ್ಲ ಎಂದು ನಗುವವರು ನಗುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ, ನಿಜ. ಆದರೆ ಈಗ ಆ ದೀಪವೇ ಆರಿ ಎಂಟು ತಿಂಗಳಾಗಿತ್ತು.

ಉಡಕ್ಕ ಎನ್ನುವುದು ತಾಯಿತಂದೆ ಇಟ್ಟ ಹೆಸರಲ್ಲ. ಹಿಡಿದರೆ ಉಡದ ಪಟ್ಟು ಎಂದು ಗಂಡ ಮದುವೆಯಾದ ಹೊಸತರಲ್ಲಿ ಛೇಡಿಸಿದ್ದ, ಅದೇ ಇಡೀ ಕಟ್ಟಡಕ್ಕೆ ಹಬ್ಬಿತು. ಬೀದಿಯ ಮಟ್ಟದ ಒಂದು ಅಂಗಡಿಯಲ್ಲಿ ಅವಳು ಕಿಟಕಿ ಪರದೆ ಹೊಲಿಯುತ್ತಿದ್ದಳು. ಯುದ್ಧ ನಿಂತ ಊರಿನಲ್ಲಿ ಪರದೆಗೆ ಬರವಿಲ್ಲ. ಎದುರುಮನೆಯವರ ಮುಖ ನೋಡಬಾರದು ಎಂದು ಎಲ್ಲರೂ ದಪ್ಪ ಬಟ್ಟೆಯನ್ನೇ ಕೇಳುತ್ತಿದ್ದರು.

ಗಂಡ ಎದೆಯ ಕಾಯಿಲೆಯಿಂದ ಹೋದ. ಅವನನ್ನು ಹೊತ್ತು ಇಳಿಸಿದ ದಿನ ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಬೀದಿಯ ತಿರುವಿನವರೆಗೆ ಮಗ ಕಂಡ, ಅಷ್ಟೆ. ಹೆತ್ತವಳಿಗೆ ಮಣ್ಣು ಹಾಕಲು ಹೋಗಲಾಗಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗೋಣ ಎಂದು ಆಮೇಲೆ ಒಮ್ಮೆ ನೋಡಿದ್ದೂ ಆಯಿತು. ಮೂರನೇ ಮಹಡಿಯ ತಿರುವಿನಲ್ಲಿ ಗುಂಡು ಬಿದ್ದು ಮೆಟ್ಟಿಲಂಚಿನ ಕಟಾಂಜನ ಕಿತ್ತುಹೋಗಿತ್ತು. ಅಲ್ಲಿ ಕುರ್ಚಿ ವಾಲಿದಾಗ ಮುದುಕಿ ಹಾಕಿದ ಕೂಗಿಗೆ ಹೊತ್ತವರು ಅಲ್ಲೇ ನಿಂತುಬಿಟ್ಟರು. ಮತ್ತೆ ಮೇಲಕ್ಕೇ ತಂದು ಕೂರಿಸಿದರು.

"ಬಿಡು, ಸತ್ತ ಮೇಲೆ ಹೇಗೂ ಇಳಿಸ್ತೀರಲ್ಲ. ಆಗ ಮಗನ್ನ ನೋಡ್ಕೋತೀನಿ," ಅಂದಿದ್ದರು ಅತ್ತೆ.

"ಸತ್ತ ಮೇಲಲ್ಲ. ಕಣ್ಣು ಬಿಟ್ಕೊಂಡು, ಕುರ್ಚಿ ಮೇಲೆ ಕೂತ್ಕೊಂಡು, ಲಿಫ್ಟಲ್ಲಿ ಇಳೀತೀರ."

"ನಿನ್ನ ಗಂಡನ ಕೈಲೇ ಆಗ್ಲಿಲ್ಲ ಕಣೇ ಅದು."

"ಅವರಿಗೆ ಸಿಟ್ಟಿತ್ತು. ನನಗೆ ನೀವಿದ್ದೀರ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಈ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಕೆಟ್ಟಿತ್ತು, ಹಾಗಾಗಿ ಜಗಳಕ್ಕೆ ಪುರುಸೊತ್ತಿರಲಿಲ್ಲ.

ಆ ಕಟ್ಟಡದ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲಸಾಲು, ನಡುವೆ ಲಿಫ್ಟು. ಮೊದಲು ಎರಡು ಜನಾಂಗದವರೂ ಬೆರಕೆಯಾಗಿ ಇದ್ದರು, ಯಾರು ಯಾವ ಮೆಟ್ಟಿಲು ಹತ್ತುತ್ತಾರೆಂದು ಕೇಳುವವರಿರಲಿಲ್ಲ. ಯುದ್ಧ ಮುಗಿದಾಗ ಎಡಮೆಟ್ಟಿಲಿಗೆ ಒಂದು ಜನ, ಬಲಮೆಟ್ಟಿಲಿಗೆ ಇನ್ನೊಂದು ಜನ. ಪ್ರತಿ ಮಹಡಿಯಲ್ಲೂ ನಡುವೆ ಇಟ್ಟಿಗೆಯ ಅಡ್ಡಗೋಡೆ ಎದ್ದು ಲಿಫ್ಟಿನ ಪಕ್ಕೆಗೆ ಬಂದು ನಿಂತಿತು. ಅಲ್ಲಿ ನಿಲ್ಲಲೇಬೇಕಾಯಿತು. ಆ ಲಿಫ್ಟಿಗೆ ಎರಡು ಬಾಗಿಲು, ಎಡಗಡೆಗೊಂದು, ಬಲಗಡೆಗೊಂದು. ಒಳಗೆ ಹೊಕ್ಕವರು ಯಾವ ಕಡೆಗೆ ಬೇಕಾದರೂ ಇಳಿಯಬಹುದು. ಲಿಫ್ಟು ಓಡಿತೆಂದರೆ ಅಷ್ಟೂ ಗೋಡೆಗೆ ತೂತು ಬಿದ್ದ ಹಾಗೆ. ಅದಕ್ಕೇ ಅದು ನಿಂತದ್ದು ಎರಡೂ ಕಡೆಯ ದೊಡ್ಡವರಿಗೆ ಒಳಗೊಳಗೇ ಹಿತವಾಗಿತ್ತು. ಅವರೆಲ್ಲ ಒಂದನೇ ಮಹಡಿಯಲ್ಲಿದ್ದರು ಅನ್ನುವುದನ್ನೂ ಸೇರಿಸಬೇಕು.

ಇನ್ನೊಂದು ಪೇಚು ಇತ್ತು. ಮೋಟಾರ್ ಕೋಣೆ ತಾರಸಿಯ ಮೇಲೆ, ಅದಕ್ಕೆ ದಾರಿ ಬಲಮೆಟ್ಟಿಲಿನಿಂದ ಮಾತ್ರ. ಲಿಫ್ಟಿನ ತಳದ ಗುಂಡಿ ನೆಲದ ಕೆಳಗೆ, ಅದರ ಬಾಗಿಲು ಎಡಗಡೆಯವರ ಕೈಯಲ್ಲಿ. ಒಬ್ಬರೇ ರಿಪೇರಿ ಮಾಡಲು ಸಾಧ್ಯವೇ ಇಲ್ಲ.

ಹಿಂದೆ ಅದನ್ನು ಇಬ್ಬರು ಮಾಡುತ್ತಿದ್ದರು. ಉಡಕ್ಕನ ಗಂಡ ಒಳಗಿಳಿಯುವವನು, ಅವನು ಕೆಳಗಿನ ಮೇಸ್ತ್ರಿ. ಮೋಟಾರ್ ಕೋಣೆಯಲ್ಲಿ ಬ್ರೇಕಿನ ಮೇಲೆ ಕೈಯಿಟ್ಟು ನಿಲ್ಲುವವನು ಮೇಲಿನ ಮೇಸ್ತ್ರಿ, ಅವನು ಇನ್ನೊಂದು ಜನದವನು. ಇಪ್ಪತ್ತೆರಡು ವರ್ಷ ಊರಿನ ಲಿಫ್ಟುಗಳೆಲ್ಲ ಇವರಿಬ್ಬರ ಕೈಯಲ್ಲಿದ್ದವು. ಲಿಫ್ಟು ಓಡಾಡುವ ಬಾವಿಯೊಳಗೆ ಕೂಗಿದರೆ ಮಾತು ಮಾರ್ದನಿಸಿ ಗದ್ದಲವಾಗುತ್ತದೆ, ಅರ್ಥವಾಗುವುದಿಲ್ಲ. ಅದಕ್ಕೆ ಲಿಫ್ಟು ಜಾರುವ ಕಬ್ಬಿಣದ ಹಳಿಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದರು. ಒಂದು ಸಲ ಬಡಿದರೆ 'ನಾನಿದ್ದೀನಿ', ಎರಡು ಸಲ 'ಮೇಲಕ್ಕೆ', ಮೂರು ಸಲ 'ಕೆಳಕ್ಕೆ'. ಎಷ್ಟು ಸಲ ಕೇಳಿಸಿತೋ ಅಷ್ಟೇ ಸಲ ತಿರುಗಿ ಬಡಿಯಬೇಕು. ಉತ್ತರ ಕೊಡದೆ ಯಾವುದನ್ನೂ ಅಲುಗಿಸುವಂತಿಲ್ಲ. ಇನ್ನೊಂದು ಕಟ್ಟಳೆ ಇದಕ್ಕಿಂತ ದೊಡ್ಡದು: ಒಳಗಿಳಿಯುವವನು ಮೋಟಾರಿನ ಪಿಂಗಾಣಿ ಫ್ಯೂಸನ್ನು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು. ಒಳಗಿರುವವನ ಜೀವ ಒಳಗಿರುವವನ ಜೇಬಿನಲ್ಲಿ.

ಈ ಬಡಿತ ಮನೆಗೂ ಬಂದಿತ್ತು. ಊಟದ ತಟ್ಟೆಗೆ ಎರಡು ಸಲ ಬಡಿದರೆ ಇನ್ನಷ್ಟು ಬಡಿಸು ಎಂದರ್ಥ. ಅತ್ತೆ ಈಗಲೂ ಮಂಚದ ಕಾಲಿಗೆ ಚಮಚದಿಂದ ಒಂದು ಬಡಿದರೆ ಸೊಸೆ ಅಡುಗೆಮನೆಯಿಂದ ಪಾತ್ರೆಗೆ ಒಂದು ಬಡಿಯುತ್ತಿದ್ದಳು.

ಯುದ್ಧ ಶುರುವಾದ ದಿನ ಬೆಳಿಗ್ಗೆ ಏಳಕ್ಕೆ ಕೆಳಗಿನ ಮೇಸ್ತ್ರಿ ಇದೇ ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸ್ ಹಚ್ಚುತ್ತಿದ್ದ, ನಾಲ್ಕು ಮತ್ತು ಐದನೇ ಮಹಡಿಯ ನಡುವೆ. ಹೊರಗೆ ಗುಂಡು ಹಾರಿತು. ಹಳಿಗೆ ಬಡಿದ. ಉತ್ತರವಿಲ್ಲ. ಮತ್ತೆ ಬಡಿದ. ಸಂಜೆ ಆರರವರೆಗೆ, ಹನ್ನೊಂದು ಗಂಟೆಯ ಕಾಲ, ಬಡಿಯುತ್ತಲೇ ಇದ್ದ. ಕೊನೆಗೆ ಗುಂಡಿನ ಸದ್ದು ನಿಂತ ಮೇಲೆ ಉಡಕ್ಕನೇ ಹಾರೆ ಹಿಡಿದು ಐದನೇ ಮಹಡಿಯ ಬಾಗಿಲು ಮೀಟಿ ಅವನನ್ನು ಎಳೆದುಕೊಂಡಳು. "ಬಿಟ್ಟು ಓಡಿದ," ಎಂದ ಗಂಡ. ಸಾಯುವವರೆಗೂ ಅದೊಂದೇ ಮಾತು. ಅಂದಿನಿಂದ ಅವನಿಗೆ ಒಂದು ಅಭ್ಯಾಸ ಅಂಟಿಕೊಂಡಿತು: ಕೂತಲ್ಲಿ ನಿಂತಲ್ಲಿ ಎಡಗೈಯಿಂದ ಎದೆಯ ಜೇಬನ್ನು ಮುಟ್ಟಿಮುಟ್ಟಿ ನೋಡುವುದು. ಎದೆನೋವು ಎಂದು ಉಡಕ್ಕ ಬಿಸಿನೀರಿನ ಚೀಲ ಕೊಡುತ್ತಿದ್ದಳು.

ಮೇಲಿನ ಮೇಸ್ತ್ರಿ ಇನ್ನೂ ಅಲ್ಲೇ ಇದ್ದ. ಬಲಮೆಟ್ಟಿಲಿನ ಆರನೇ ಮಹಡಿ, ಅತ್ತೆಯ ಮಂಚದ ಹಿಂದಿನ ಗೋಡೆಯಾಚೆ. ಅವನು ಕೆಮ್ಮಿದರೆ ಇಲ್ಲಿ ಕೇಳಿಸುತ್ತಿತ್ತು. "ಹಾಳಾದವನು, ಔಷಧಿ ತಗೊಳ್ತಾ ಇಲ್ಲ," ಎಂದು ಅತ್ತೆ ಗೋಡೆಯ ಕಡೆ ಮುಖ ಮಾಡಿ ಬೈಯುತ್ತಿದ್ದರು.

ಉಡಕ್ಕ ಮೊದಲು ಹೋದದ್ದು ಎಡಮೆಟ್ಟಿಲಿನ ಸಮಿತಿಯ ಯಜಮಾನರ ಹತ್ತಿರ. ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕೊಡೆ ಹಿಡಿದೇ ಇರುವ ಮನುಷ್ಯ. ಮನೆಯೊಳಗೂ ಅದು ತೊಡೆಯ ಮೇಲಿತ್ತು.

"ರಿಪೇರಿ ಬೇಡ ಅಂದೋರು ಯಾರಮ್ಮ? ಆದ್ರೆ ಮೊದ್ಲು ಅವರ ಕಡೆ ಬಾಗಿಲಿಗೆ ಬೆಸುಗೆ ಬೀಳ್ಬೇಕು."

"ಅವರು ನಮ್ಮ ಕಡೆ ಬಾಗಿಲಿಗೆ ಬೆಸುಗೆ ಹಾಕಿ ಅಂತಾರೆ."

"ಅದಕ್ಕೇ ಮಾತುಕತೆ ನಡೀತಾ ಇದೆ, ನಾಲ್ಕು ವರ್ಷದಿಂದ."

"ಎಲ್ಲಿ ಕೂತು ಮಾತಾಡಿದ್ರಿ ಯಜಮಾನ್ರೇ?"

"ಕೂತ್ಕೊಳ್ಳೋದೆಲ್ಲಿ ಬಂತು? ಪತ್ರ ಬರೆದಿದ್ದೀವಿ. ಅವರೂ ಬರೆದಿದ್ದಾರೆ."

"ಏನಂತ?"

"ನಾವು ಬರೆದಿದ್ದನ್ನೇ."

ಮೂಗಿಗೆ ತುಪ್ಪ ಸವರುವವರ ಹತ್ತಿರ ವಾದಿಸಿ ಫಲವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು. ಇವರು ಇಲ್ಲದ ಮೂಗಿಗೂ ತುಪ್ಪ ಹಚ್ಚುತ್ತಿದ್ದರು. ಅವಳು ದಾರಿ ಬದಲಿಸಿದಳು.

"ಹೋಗ್ಲಿ, ಗುಂಡಿ ಬಾಗಿಲಿನ ಬೀಗದ ಕೈ ಕೊಡಿ. ನೀರು ನಿಂತು ಸೊಳ್ಳೆ ಆಗಿದೆ. ಅದಕ್ಕೆ ಎಡ ಬಲ ಅಂತ ಇಲ್ಲ, ಒಂದನೇ ಮಹಡಿಯವರನ್ನೇ ಮೊದ್ಲು ಕಚ್ಚೋದು."

ಯಜಮಾನರು ಮೊಣಕೈ ಕೆರೆದುಕೊಂಡು ಬೀಗದ ಕೈ ಕೊಟ್ಟರು.

ಮೂರು ದಿನ ಅಂಗಡಿಗೆ ಹೋಗುವ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ ಅವಳು ಗುಂಡಿಯ ನೀರು ಮೊಗೆದಳು. ನಾಲ್ಕು ವರ್ಷದ ಕೊಳೆನೀರು, ಸಿಮೆಂಟಿನ ಚೂರು, ಒಂದು ಗೊಂಬೆಯ ಕಾಲು. ನೋಡಿದವರು "ಹುಚ್ಚು" ಅಂದರು. ಒಬ್ಬಳು ಮಾತ್ರ ಏನೂ ಅನ್ನದೆ ತನ್ನ ಬಕೆಟ್ಟನ್ನೂ ಇಟ್ಟು ಹೋದಳು. ನಾಲ್ಕನೇ ದಿನ ಗುಂಡಿಯ ತಳ ಕಂಡಿತು. ನಾಳೆ ಎಂದವನ ಮನೆ ಹಾಳು ಎಂದುಕೊಂಡು ಉಡಕ್ಕ ಅಂದೇ ಸೆರಗಿಗೆ ಕೈ ಒರೆಸಿ ಹೊರಟಳು, ಕಟ್ಟಡ ಸುತ್ತಿ, ಹಿಂದಿನ ಬೀದಿಗೆ, ಬಲಮೆಟ್ಟಿಲಿನ ಬಾಗಿಲಿಗೆ.

ನಾಲ್ಕು ವರ್ಷದಲ್ಲಿ ಅವಳು ಆ ಕಡೆ ಕಾಲಿಟ್ಟಿರಲಿಲ್ಲ. ಎರಡನೇ ಮಹಡಿಯಲ್ಲಿ ಒಬ್ಬ ಹೆಂಗಸು ಬಾಗಿಲು ಅರ್ಧ ತೆರೆದು, "ಯಾರು ಬೇಕಿತ್ತು?" ಅಂದಳು. "ಮೇಸ್ತ್ರಿ," ಅಂದಳು ಉಡಕ್ಕ, ನಿಲ್ಲದೆ. ಮೆಟ್ಟಿಲು ಎಣಿಸಿದಳು. ಇಲ್ಲೂ ನೂರ ಹದಿನಾಲ್ಕೇ.

ಬಾಗಿಲು ತೆರೆದವನನ್ನು ಅವಳು ಒಂದು ಕ್ಷಣ ಗುರುತಿಸಲಿಲ್ಲ. ಕೂದಲೆಲ್ಲ ಬೆಳ್ಳಗಾಗಿತ್ತು. ಬಲಗೈಯ ಎರಡು ಬೆರಳು ಸೊಟ್ಟಗೆ ಅಂಗೈ ಕಡೆ ಮಡಚಿಕೊಂಡಿದ್ದವು. ಹಿಂದೆ ಮೇಜಿನ ಮೇಲೆ ಯಾರದೋ ಗೋಡೆ ಗಡಿಯಾರ ಬಿಚ್ಚಿ ಹರಡಿತ್ತು.

"ತಂಗಿ," ಅಂದ ಅವನು. ಇಪ್ಪತ್ತೆರಡು ವರ್ಷ ಹಾಗೇ ಕರೆದಿದ್ದ.

ಅವಳು ಅವನನ್ನು ಅಣ್ಣ ಎನ್ನಲಿಲ್ಲ. "ನಿಮ್ಮನ್ನ ಮಾತಾಡಿಸ್ಕೊಂಡು ಹೋಗೋಕೆ ಬಂದಿಲ್ಲ ಮೇಸ್ತ್ರಿ. ಕೆಲಸ ಇದೆ. ಗುಂಡಿ ನೀರು ತೆಗೆದಿದ್ದೀನಿ. ಭಾನುವಾರ ನಾನು ಕೆಳಗಿಳೀತೀನಿ, ನೀವು ಮೇಲೆ ನಿಲ್ಬೇಕು."

"ನೀನು ಇಳೀತೀಯಾ?"

"ಇಳಿಯೋರು ಮಣ್ಣಲ್ಲಿದ್ದಾರೆ. ಇನ್ಯಾರು ಇಳೀತಾರೆ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಗೊತ್ತಾಯ್ತು. ಆವತ್ತು ಗೋಡೆಯಾಚೆ ಅಮ್ಮ ಅತ್ತಿದ್ದು ಕೇಳಿಸ್ತು."

"ಕೇಳಿಸ್ತಾ? ಹಾಗಾದ್ರೆ ಹಳಿಗೆ ಬಡಿದದ್ದೂ ಕೇಳಿಸಿರ್ಬೇಕು. ಹನ್ನೊಂದು ಗಂಟೆ."

 ಉಡಕ್ಕನಿಗೆ ಕೂಗಾಡಬೇಕು ಅನ್ನಿಸಿತು, ಆ ಗಡಿಯಾರದ ಚಕ್ರಗಳನ್ನೆಲ್ಲ ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿತು. ಆದರೆ ಕೂಗಾಡಿದರೆ ಅತ್ತೆ ಇಳಿಯುವುದಿಲ್ಲ. 

"ನೀವು ಓಡಿಹೋಗೋರು. ಅದಕ್ಕೇ ಕೇಳ್ತಿದ್ದೀನಿ, ಫ್ಯೂಸ್ ನನ್ನ ಜೇಬಲ್ಲಿರ್ಬೇಕು. ನಮ್ಮನೆಯವರ ಜೇಬಲ್ಲಿದ್ದದ್ದು ಆಮೇಲೆ ಸಿಗಲಿಲ್ಲ, ಬ್ಯಾಗೆಲ್ಲ ಹುಡುಕಿದ್ದೀನಿ. ಹೊಸದು ತರ್ತೀನಿ, ಅಳತೆ ಹೇಳಿ."

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. "ಜೇಬಲ್ಲಿತ್ತು ಅಂತ ಅವನು ಹೇಳಿದ್ನಾ?"

ಅವಳು ಯೋಚಿಸಿದಳು. ಹೇಳಿದ್ದನೇ? ಬಿಟ್ಟು ಓಡಿದ ಎಂದಿದ್ದ. ಫ್ಯೂಸಿನ ಮಾತು ಯಾವತ್ತೂ ಎತ್ತಿರಲಿಲ್ಲ.

ಮೇಸ್ತ್ರಿ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. ಬಟ್ಟೆಯಲ್ಲಿ ಸುತ್ತಿದ ಪಿಂಗಾಣಿ ಫ್ಯೂಸು, ಮೂಲೆ ಒಂದು ಚಕ್ಕೆ ಎದ್ದಿತ್ತು, ಅದರ ತಾಮ್ರದ ತಂತಿ ಹಸಿರುಗಟ್ಟಿತ್ತು.

"ಅವತ್ತು ಬೆಳಿಗ್ಗೆ ನೀನು ಕಳಿಸಿದ್ದ ಬುತ್ತಿ ತಂದ್ಕೊಟ್ಟ. ಏನೋ ತಮಾಷೆ ಮಾಡಿ ನಗ್ತಾ ನಗ್ತಾ ಹಾಗೇ ಇಳಿದುಬಿಟ್ಟ. ಫ್ಯೂಸ್ ಬೋರ್ಡಲ್ಲೇ ಇತ್ತು. ನಾನೂ ನೋಡ್ಲಿಲ್ಲ. ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿದ್ಮೇಲೆ ನೋಡಿದ್ದು. ಕಿತ್ತು ನೀರಿನ ಟ್ಯಾಂಕಿಗೆ ಹಾಕಿದೆ."

"ಯಾರ ಬೂಟು?"

"ನಮ್ಮವರೇ. ಪೆಟ್ಟಿಗೆಗಳನ್ನ ತಾರಸಿಗೆ ಏರಿಸ್ಬೇಕಿತ್ತು, ಲಿಫ್ಟ್ ಹಾಕು ಅಂದ್ರು. ಫ್ಯೂಸ್ ಇಲ್ಲ ಅಂದೆ. ಅವರಿಗೆ ಬಂದೂಕು ಗೊತ್ತಿತ್ತು, ಕರೆಂಟು ಗೊತ್ತಿರ್ಲಿಲ್ಲ." ಅವನು ಸೊಟ್ಟ ಬೆರಳುಗಳ ಕಡೆ ನೋಡಿಕೊಂಡ. "ಎಲ್ಲಿಟ್ಟಿದ್ದೀಯ ಅಂತ ಕೇಳಿದ್ರು. ಎರಡು ಸಲ ಕೇಳಿದ್ರು."

"ಒಳಗೆ ಆಳಿದ್ದಾನೆ ಅನ್ನಬೇಕಿತ್ತು!"

"ಯಾವ ಜನ ಅಂತ ಕೇಳಿದ್ರೆ? ಅವನು ಬಡೀತಾನೇ ಇದ್ದ ತಂಗಿ. ಅದೇನು ಸದ್ದು ಅಂದ್ರು. ಹಳೇ ತಂತಿ ಹಗ್ಗ, ಗಾಳಿಗೆ ಹಳಿಗೆ ಬಡಿಯುತ್ತೆ ಅಂದೆ. ತಿರುಗಿ ಬಡಿದಿದ್ರೆ ಒಳಗೆ ಆಳಿರೋದು ಅವರಿಗೆ ಗೊತ್ತಾಗ್ತಿತ್ತು. ಕೈಯಲ್ಲಿ ಸ್ಪ್ಯಾನರ್ ಇತ್ತು, ಬಡೀಲಿಲ್ಲ. ಆಮೇಲೆ ನನ್ನನ್ನ ಎಳ್ಕೊಂಡು ಹೋದ್ರು. ವಾಪಸ್ ಬರೋ ಹೊತ್ತಿಗೆ ಗೋಡೆ ಎದ್ದಿತ್ತು. ಟ್ಯಾಂಕಿಂದ ಇದನ್ನ ತೆಗೆದಿಟ್ಕೊಂಡೆ. ಎರಡು ಪತ್ರ ಬರೆದೆ, ಒಡೀದೆ ವಾಪಸ್ ಬಂತು."

"ಗೋಡೆಯಾಚೆಯಿಂದ ಕೂಗಿ ಹೇಳ್ಬಹುದಿತ್ತಲ್ಲ. ನಾಲ್ಕು ವರ್ಷ!"

"ಏನಂತ ಕೂಗ್ಲಿ? ತಪ್ಪು ನಿಂದೇ, ಫ್ಯೂಸ್ ಮರೆತವನು ನೀನೇ ಅಂತಲಾ? ಇಪ್ಪತ್ತೆರಡು ವರ್ಷದಲ್ಲಿ ಅವನು ಮರೆತದ್ದು ಒಂದೇ ಸಲ. ಅದನ್ನ ಎರಡು ಮೆಟ್ಟಿಲಿನವರಿಗೂ ಕೇಳೋ ಹಾಗೆ ಕೂಗೋಕೆ ನನಗೆ ಬಾಯಿ ಬರಲಿಲ್ಲ."

ಉಡಕ್ಕ ಫ್ಯೂಸನ್ನು ಅಂಗೈಯಲ್ಲಿಟ್ಟು ನೋಡಿದಳು. ಕುಳಿತಲ್ಲಿ ನಿಂತಲ್ಲಿ ಎದೆಯ ಜೇಬು ಮುಟ್ಟಿ ನೋಡುತ್ತಿದ್ದ ಆ ಎಡಗೈ ನೆನಪಾಯಿತು. ಅದು ನೋವಲ್ಲ. ಅವನಿಗೆ ಗೊತ್ತಿತ್ತು. ಬಾವಿಯೊಳಗೆ ಕೂತಾಗಲೇ ಜೇಬು ಮುಟ್ಟಿ ನೋಡಿರಬೇಕು, ಬರಿದಾಗಿರಬೇಕು. ಆ ಹನ್ನೊಂದು ಗಂಟೆಯಲ್ಲಿ ಯಾರೂ ಲಿಫ್ಟು ಹಾಕಲಿಲ್ಲ ಏಕೆ ಎಂಬುದನ್ನೂ ಲೆಕ್ಕ ಹಾಕಿರಬೇಕು. ಸಿಟ್ಟು ಮಾಡಿಕೊಳ್ಳುವುದು ಕ್ಷಮೆ ಕೇಳುವುದಕ್ಕಿಂತ ಸುಲಭವಾಗಿತ್ತು ಅವನಿಗೆ, ಅಷ್ಟೆ. ತಾನು ಬಿಸಿನೀರಿನ ಚೀಲ ಒತ್ತಿದ್ದೇ ಒತ್ತಿದ್ದು. ಅವಳಿಗೆ ಗಂಡನ ಮೇಲೆ ಕೋಪ ಬಂತು, ಆಮೇಲೆ ಅಳು ಬಂತು. ಅಳುವುದನ್ನು ಮುಂದಕ್ಕೆ ಹಾಕಿದಳು.

"ಭಾನುವಾರ ಬೆಳಿಗ್ಗೆ ಏಳಕ್ಕೆ," ಅಂದಳು. "ಹೊಸ ಫ್ಯೂಸ್ ತನ್ನಿ. ಇದು ನನ್ನ ಹತ್ರ ಇರ್ಲಿ. ನಿಮ್ಮ ಸಮಿತಿಯವರು ಕೇಳಿದ್ರೆ?"

"ಮೋಟಾರ್ ಕೋಣೇಲಿ ಪಾರಿವಾಳ ಗೂಡು ಕಟ್ಟಿದೆ, ಗುಡಿಸ್ಬೇಕು ಅಂತೀನಿ."

"ನಾನು ಸೊಳ್ಳೆ ಅಂದಿದ್ದೀನಿ ಅಣ್ಣ." ಅವನು ನಾಲ್ಕು ವರ್ಷದಲ್ಲಿ ಮೊದಲ ಸಲ ನಕ್ಕಿರಬೇಕು, ನಗು ಕೆಮ್ಮಾಗಿ ಹೊರಬಂತು.

ಭಾನುವಾರ ಏಳಕ್ಕೆ ಉಡಕ್ಕ ಗಂಡನ ನೀಲಿ ಮೇಲಂಗಿ ತೊಟ್ಟು ತೋಳು ಮಡಚಿಕೊಂಡು ಗುಂಡಿಗೆ ಇಳಿದಳು. ಎದೆಯ ಜೇಬಿನಲ್ಲಿ ಆ ಹಳೆಯ ಫ್ಯೂಸು. ತಲೆಯ ಮೇಲೆ ನಾಲ್ಕು ಮಹಡಿ ಎತ್ತರದಲ್ಲಿ ಲಿಫ್ಟಿನ ಕಪ್ಪು ತಳ ನೇತಾಡುತ್ತಿತ್ತು. ಅವಳಿಗೆ ಹೆದರಿಕೆಯಾಯಿತು, ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸಿಗೆ ಇದೆಲ್ಲ ಬೇಕಿತ್ತೇ ಅನ್ನಿಸಿತು. ಮೇಲೆ ನಿಂತವನು ಆ ಜನದವನು, ಬ್ರೇಕು ಅವನ ಕೈಯಲ್ಲಿ. ಎಷ್ಟೇ ಆಗಲಿ, ಅವನು ಹೇಳಿದ್ದಕ್ಕೆ ಅವನೇ ಸಾಕ್ಷಿ.

ಸ್ಪ್ಯಾನರ್ ಎತ್ತಿ ಹಳಿಗೆ ಒಂದು ಸಲ ಬಡಿದಳು. ನಾನಿದ್ದೀನಿ.

ಸದ್ದು ಹಳಿ ಹಿಡಿದು ಮೇಲೇರಿತು. ಉತ್ತರ ಬರಲಿಲ್ಲ. ಅವಳು ಉಸಿರು ಹಿಡಿದಳು. ಗಂಡ ಕಿವಿಗೊಟ್ಟು ಕೂತಿದ್ದ ಹನ್ನೊಂದು ಗಂಟೆ ಎಂದರೆ ಏನೆಂದು ಅವಳಿಗೆ ಆ ಅರ್ಧ ನಿಮಿಷದಲ್ಲಿ ತಿಳಿಯಿತು.

ಠಣ್.

ಒಂದೇ ಒಂದು, ಖಚಿತವಾಗಿ. ಅವಳು ಮಂಡಿಯೂರಿ ಹಳಿಯ ತಣ್ಣನೆಯ ಕಬ್ಬಿಣಕ್ಕೆ ಹಣೆ ಹಚ್ಚಿದಳು, ಬೇಡವೆಂದರೂ ಕಣ್ಣೀರು ಇಳಿಯಿತು. ಆಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕೆ ಕೂತಳು.

ಮಧ್ಯಾಹ್ನದವರೆಗೆ ಕೆಲಸ ಹಿಡಿಯಿತು. ತಳದ ಸ್ವಿಚ್ಚಿನ ತುಕ್ಕು ಕೆರೆದಳು, ಸ್ಪ್ರಿಂಗಿಗೆ ಎಣ್ಣೆ ಬಿಟ್ಟಳು. ಗಂಡ ಊಟದ ಹೊತ್ತಿನಲ್ಲಿ ಗೊಣಗಿದ್ದ ಒಂದೊಂದು ಮಾತೂ ಈಗ ಉಪಯೋಗಕ್ಕೆ ಬಂತು. ಆಗ ಅದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ ಎಂದುಕೊಂಡಿದ್ದಳು. ಎರಡು ಬಡಿದಳು, ಎರಡು ಬಂತು. ಮೇಲೆ ಮೇಸ್ತ್ರಿ ಬ್ರೇಕು ಸಡಿಲಿಸಿ ಕೈಯಿಂದ ಚಕ್ರ ತಿರುಗಿಸಿದ. ಲಿಫ್ಟು ನರಳಿ ಒಂದು ಗೇಣು ಏರಿತು. ಮೂರು ಬಡಿದಳು, ಮೂರು ಬಂತು, ಒಂದು ಗೇಣು ಇಳಿಯಿತು. ಸದ್ದಿಗೆ ಎರಡೂ ಮೆಟ್ಟಿಲುಗಳಲ್ಲಿ ಬಾಗಿಲು ತೆರೆಯತೊಡಗಿದವು. ಯಾರೂ ಬಂದು ತಡೆಯಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಸಿಕ್ಕರೆ ನೋಡಲು ಎಲ್ಲ ಇಲಿಗಳೂ ಬರುತ್ತವೆ.

ಅವಳು ಗುಂಡಿಯಿಂದ ಹತ್ತಿ ಹೊರಬಂದು ಬಾಗಿಲು ಹಾಕಿದ ಮೇಲೆಯೇ ಮೇಸ್ತ್ರಿ ಹೊಸ ಫ್ಯೂಸು ಹಾಕಿದ. ಲಿಫ್ಟಿನೊಳಗೆ ದೀಪ ಹತ್ತಿತು. ಮೊದಲು ಬರಿದಾಗಿ ಎರಡು ಸಲ, ಆಮೇಲೆ ಅವಳನ್ನು ಹೊತ್ತು ಒಂದು ಸಲ ಓಡಿತು. ಆರನೇ ಮಹಡಿಯಲ್ಲಿ ಎಡಬಾಗಿಲು ತೆರೆದರೆ ಅತ್ತೆ ಬೆಳಿಗ್ಗೆಯಿಂದಲೇ ತಯಾರಾಗಿ ಅಲ್ಲಿ ಕುರ್ಚಿಯಲ್ಲಿ ಕೂತಿದ್ದರು, ಕೈಯಲ್ಲಿ ಚಮಚ. ಫ್ಯೂಸಿನ ಕತೆಯನ್ನು ಅವರಿಗೆ ಸೊಸೆ ಮೇಸ್ತ್ರಿಯ ಮನೆಯಿಂದ ಬಂದ ದಿನವೇ ಹೇಳಿದ್ದಳು. ಅವರು ಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ಕೂತಿದ್ದರು.

"ಇಷ್ಟು ಹೊತ್ತಾ?" ಅಂದರು ಈಗ. "ನನ್ನ ಮಗನಾಗಿದ್ರೆ ಹತ್ತು ಗಂಟೆಗೇ ಮುಗಿಸ್ತಿದ್ದ."

"ನಿಮ್ಮ ಮಗ ಮೂರು ವರ್ಷ ತಗೊಂಡ್ರೂ ಆಗ್ಲಿಲ್ಲ ಅತ್ತೆ. ಕಾಲು ಒಳಗೆ ಮಡಚ್ಕೊಳ್ಳಿ."

ಲಿಫ್ಟು ಇಳಿಯಿತು. ಆರು, ಐದು, ನಾಲ್ಕು. ಮುದುಕಿ ಸೊಸೆಯ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದರು, ಆದರೆ ಕಣ್ಣು ಮುಚ್ಚಲಿಲ್ಲ. ನೆಲಕ್ಕೆ ಮುಟ್ಟಿತು. ಉಡಕ್ಕ ಎಡಬಾಗಿಲು ಎಳೆದಳು. ಬರಲಿಲ್ಲ. ಬಿರುಕಿನಲ್ಲಿ ನೋಡಿದರೆ ಹೊರಗಿನಿಂದ ಸರಪಳಿ, ಸರಪಳಿಗೆ ಬೀಗ. ಅದರಾಚೆ ಕೊಡೆಯ ತುದಿ.

"ಯಜಮಾನ್ರೇ, ಬೀಗ ತೆಗೀರಿ."

"ಸಮಿತಿ ಕೂತು ತೀರ್ಮಾನ ಆಗ್ಲಮ್ಮ. ಒಂದು ವಾರ. ನಾನು ಬೇಡ ಅಂತಿಲ್ಲ."

ಉಡಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಚಮಚದಿಂದ ಕುರ್ಚಿಯ ಕೈಗೆ ಟಕ್ಕೆಂದು ಬಡಿದರು.

"ಬಾಗಿಲು ಎರಡಿದೆ ಅಲ್ವೇನೇ? ಆ ಕಡೆದು ತೆಗಿ."

ಬಲಬಾಗಿಲು ಒಂದೇ ಎಳೆತಕ್ಕೆ ಸರಿಯಿತು. ಅಲ್ಲಿ ಹದಿನೈದು ಇಪ್ಪತ್ತು ಜನ ನಿಂತಿದ್ದರು. ನಾಲ್ಕು ವರ್ಷದಿಂದ ಬರೀ ಪರದೆಯಾಗಿದ್ದ ಮುಖಗಳು.  ಯಾರೂ ಸರಿಯಲಿಲ್ಲ.

"ನನ್ನ ಮಗ ಹಾಕಿದ ಬಾಗಿಲು ಇದು," ಅಂದರು ಮುದುಕಿ, ಎಲ್ಲರ ಮುಖ ನೋಡುತ್ತ. "ಅವನ ಹತ್ರ ಹೋಗ್ಬೇಕು ನಾನು. ನಿಮ್ಮ ಅಂಗಳ ತಿಂದುಬಿಡಲ್ಲ. ದಾರಿ ಬಿಡಿ."

ಎರಡನೇ ಮಹಡಿಯ ಆ ಅರ್ಧ ಬಾಗಿಲಿನ ಹೆಂಗಸೇ ಮೊದಲು ಪಕ್ಕಕ್ಕೆ ಸರಿದಳು, ತನ್ನ ಗಂಡನ ತೋಳನ್ನೂ ಎಳೆದುಕೊಂಡಳು. ಒಬ್ಬ ಮುದುಕ ಹೊರಬಾಗಿಲು ತೆರೆದು ಹಿಡಿದ. ಅಷ್ಟರಲ್ಲಿ ಮೇಲಿನ ಮೇಸ್ತ್ರಿ ತಾರಸಿಯಿಂದ ಅಷ್ಟೂ ಮೆಟ್ಟಿಲು ಇಳಿದು ಏದುಸಿರು ಬಿಡುತ್ತ ಬಂದು ನಿಂತ. ತನ್ನ ಲಿಫ್ಟನ್ನು ತಾನೇ ಹತ್ತಲು ಅವನಿಗೆ ಧೈರ್ಯ ಬಂದಿರಲಿಲ್ಲ.

"ಅಮ್ಮಾ..."

"ಔಷಧಿ ತಗೋತೀಯಾ ಇಲ್ವಾ? ರಾತ್ರಿಯೆಲ್ಲ ಕೆಮ್ಮು, ನನಗೆ ನಿದ್ದೆ ಇಲ್ಲ. ಏನು ನೋಡ್ತಾ ನಿಂತೆ? ಕುರ್ಚಿಯ ಆ ಕಡೆ ಹಿಡಿ. ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ."

ಸೊಂಟದ ಮಟ್ಟಕ್ಕೆ ಕುರ್ಚಿ ಎತ್ತಿ ಇಬ್ಬರೂ ಹಿಂದಿನ ಬೀದಿಯಿಂದ ಮುಂದಿನ ಬೀದಿಗೆ ಬಂದರು, ನೇರ ನಡೆದರು. ಸ್ಮಶಾನದ ಗೇಟಿನಲ್ಲಿ ಮೇಸ್ತ್ರಿ ನಿಂತುಬಿಟ್ಟ. ಇದು ಎಡಗಡೆಯವರ ಸ್ಮಶಾನ. ಅವನ ಜನ ಇಲ್ಲಿ ಕಾಲಿಟ್ಟು ನಾಲ್ಕು ವರ್ಷ. ಒಳಗೆ ಸಮಾಧಿಯ ಗಿಡಗಳಿಗೆ ನೀರು ಹಾಕುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ಉಡಕ್ಕ ನಿಲ್ಲಲಿಲ್ಲ. ಅವಳು ಹೆಜ್ಜೆ ಇಟ್ಟದ್ದರಿಂದ ಕುರ್ಚಿಯ ಇನ್ನೊಂದು ಕಡೆ ಹಿಡಿದವನೂ ಹೆಜ್ಜೆ ಇಡಲೇಬೇಕಾಯಿತು.

ಮಗನ ಕಲ್ಲಿನ ಮುಂದೆ ಅತ್ತೆಯ ಕುರ್ಚಿ ಇಳಿಸಿದರು. ಎಂಟು ತಿಂಗಳ ಅಳು ಇಲ್ಲಿ ಬರುತ್ತದೆ ಎಂದು ಉಡಕ್ಕ ಸೆರಗು ಹಿಡಿದು ಕಾದಳು. ಬಂದದ್ದು ಬೈಗುಳ.

"ಫ್ಯೂಸ್ ಮರೆತದ್ದು ನೀನು ಕಣೋ. ನಾಲ್ಕು ವರ್ಷ ಇವನ ಹೆಸರು ಹಿಡಿದು ನನ್ನ ಕೈಲೂ ಶಾಪ ಹಾಕಿಸ್ದೆ. ಗೋಡೆಯಾಚೆ ಇದ್ದ, ಒಂದು ಲೋಟ ಬಿಸಿನೀರು ಕೊಡೋಕೆ ಆಗ್ಲಿಲ್ಲ ನನಗೆ." ಆಮೇಲೆ ಸ್ವರ ಒಡೆಯಿತು. "ಹೆದರ್ಕೊಂಡಿದ್ಯೇನೋ, ನನ್ನಪ್ಪಾ, ಆ ಕತ್ತಲಲ್ಲಿ?"

ಮೇಸ್ತ್ರಿ ಆ ಕಡೆ ತಿರುಗಿ ನಿಂತ. 

ಅತ್ತೆ ಸೊಸೆಯ ಕಡೆ ಕೈ ಚಾಚಿದರು. "ಆ ಹಳೇದು ಕೊಡು."

ಉಡಕ್ಕ ಎದೆಯ ಜೇಬಿನಿಂದ ಫ್ಯೂಸು ತೆಗೆದುಕೊಟ್ಟಳು. ಮುದುಕಿ ಕುರ್ಚಿಯಿಂದ ಬಗ್ಗಿ, ಕಲ್ಲಿನ ಬುಡದ ಸಡಿಲ ಮಣ್ಣನ್ನು ಚಮಚದಿಂದ ಒಂದು ಗೇಣು ಆಳ ತೋಡಿದರು. ತೋಡುತ್ತಲೇ ಕೇಳಿದರು:

"ಒಳಗಿರೋನ ಹತ್ರ ತಾನೆ ಇರ್ಬೇಕು ಇದು?"

"ಹೌದಮ್ಮ," ಅಂದ ಮೇಸ್ತ್ರಿ. "ಒಳಗಿರೋನ ಹತ್ರಾನೇ."

ಅವರು ಫ್ಯೂಸನ್ನು ಗುಳಿಯಲ್ಲಿಟ್ಟು ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದರು, ಮಗನ ಜೇಬಿನ ಗುಂಡಿ ಹಾಕಿದ ಹಾಗೆ.

"ತಗೋ. ಇನ್ನು ಮರೀಬೇಡ."